ಸೀಟು ಎತ್ತರ ಆಗ್ಬೇಕಾ? ಸನ್‌ರೂಫ್ ತಗೊಳ್ಳಿ!

ಬೆಂಗಳೂರಿನಲ್ಲಿ ಅತಿ ಕಡಿಮೆ ಓದಿಸಿಕೊಂಡು ಅತಿ ಹೆಚ್ಚು ಸಹಿ ಹಾಕಿಸಿಕೊಳ್ಳುವ ಬರಹ ಯಾವುದು? ಬಾಡಿಗೆ ಅಗ್ರಿಮೆಂಟ್ ಬಿಟ್ಟರೆ ಹೊಸ ಕಾರಿನ ಕೊಟೇಶನ್ನೇ ಇರಬೇಕು. ಒಂದೇ ಪುಟ, ಹದಿನೈದು ಹದಿನಾರು ಸಾಲು. ಮೇಲೆ ಎಕ್ಸ್‌-ಶೋರೂಂ ಬೆಲೆ, ಕೆಳಗೆ ದಪ್ಪ ಅಕ್ಷರದಲ್ಲಿ ಆನ್‌ರೋಡ್ ಬೆಲೆ. ನಾವು ಓದೋದು ಈ ಎರಡನ್ನೇ. ನಡುವೆ ಇರೋದೆಲ್ಲ 'ಹಂಗೇ ಇರುತ್ತೆ ಬಿಡಿ' ಅನ್ನೋ ಲೆಕ್ಕ. ಸಿನಿಮಾ ನೋಡಿ ಬಂದು ಇಂಟರ್ವಲ್ ಆದ್ಮೇಲೆ ಬೋರು ಅಂತ ವಿಮರ್ಶೆ ಬರೆಯೋ ನಾವು, ಏಳು ವರ್ಷ ಇಎಂಐ ಕಟ್ಟಿಸೋ ಈ ಒಂದು ಪುಟವನ್ನ ಯಾಕೆ ವಿಮರ್ಶೆ ಮಾಡಬಾರದು? ಮಾಡೋಣ.

ನಮ್ಮ ಹಲಸೂರು ಇದಕ್ಕೆ ಒಳ್ಳೆಯ ಜಾಗ. ಟ್ರಿನಿಟಿ ಸರ್ಕಲ್ ದಾಟಿ, ಹಲಸೂರು ಹೊಕ್ಕು, ಹಳೇ ಮದ್ರಾಸ್ ರಸ್ತೆ ಹಿಡಿದು ಕೆ.ಆರ್. ಪುರಂ ಕಡೆ ಹೊರಟರೆ ದಾರಿಯುದ್ದಕ್ಕೂ ಕಾರು ಮಾರೋರೇ. 2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಊರಿನ ಮೊದಲ ಮೆಟ್ರೋ ಓಡಿದ್ದು ಹಲಸೂರಿನ ಮೇಲೇ. ಆದ್ರೂ ನಮಗೆ ಕಾರು ಬೇಕು. ಸೋಮೇಶ್ವರ ದೇವಸ್ಥಾನದ ಹತ್ತಿರ ಕಾರ್ ಸ್ಟ್ರೀಟ್ ಅಂತಲೇ ಒಂದು ಬೀದಿ ಇದೆ. ಆ ಕಾರು ಪೆಟ್ರೋಲಿನದ್ದೂ ಅಲ್ಲ, ಡೀಸೆಲಿನದ್ದೂ ಅಲ್ಲ, ದೇವರ ತೇರು. ಈ ಸುತ್ತಿನ ಗಲ್ಲಿಗಳಲ್ಲಿ ಕಾರು ನಿಲ್ಲಿಸಿದೋರಿಗೆ ಗೊತ್ತು: ಇಲ್ಲಿ ಬೇಕಾಗಿರೋದು ಆಕಾಶ ನೋಡೋ ಕಿಟಕಿ ಅಲ್ಲ, ಹಿಂದೆ ಇರೋ ಸ್ಕೂಟರ್ ಕಾಣಿಸೋ ಕ್ಯಾಮೆರಾ. ಆದರೆ ನೀವು ಬೇಡ ಅಂದಿದ್ದನ್ನ ತಗೊಳ್ಳದೆ ಬೇಕು ಅಂದಿದ್ದು ಸಿಗೋದಿಲ್ಲ. ಕಥೆ ಇರೋದೇ ಇಲ್ಲಿ.

ಮೊದಲು 'ಆಪ್ಷನಲ್' ಅನ್ನೋ ಪದಕ್ಕೆ ಏನಾಗಿದೆ ನೋಡಿ. ಮಾರುತಿ 800ರ ಕಾಲದಲ್ಲಿ ಕೊಳ್ಳೋರ ಮುಂದಿದ್ದ ದೊಡ್ಡ ಪ್ರಶ್ನೆ ಒಂದೇ: ಎಸಿ ಬೇಕಾ, ಬೇಡ್ವಾ? ಹೌದು ಅಂದ್ರೆ ಒಂದು ಬೆಲೆ, ಇಲ್ಲ ಅಂದ್ರೆ ಇನ್ನೊಂದು. ಆಯ್ಕೆ ಅಂದ್ರೆ ಅದು. ಇವತ್ತು ಹ್ಯುಂಡೈ ಕ್ರೆಟಾದಲ್ಲಿ 'ಎಸ್‌ಎಕ್ಸ್ (ಒ)' ಅಂತ ಒಂದು ವೇರಿಯಂಟ್ ಇದೆ. ಮಾರುತಿಯವರೂ ಕೆಲವು ಮಾಡೆಲ್‌ಗಳಿಗೆ 'ಎಲ್‌ಎಕ್ಸ್‌ಐ (ಒ)' ಅಂತ ಹೆಸರಿಟ್ಟಿದ್ದುಂಟು. ಬ್ರಾಕೆಟ್ಟಿನಲ್ಲಿರೋ ಆ 'ಒ' ಅಂದ್ರೆ ಆಪ್ಷನಲ್. ಆದರೆ ಅದರೊಳಗೆ ಏನಿರಬೇಕು ಅಂತ ನಿಮ್ಮನ್ನ ಯಾರೂ ಕೇಳೋದಿಲ್ಲ. ಇಡೀ ಕಟ್ಟು ತಗೊಳ್ಳಿ, ಇಲ್ಲಾಂದ್ರೆ ಬಿಡಿ. ಅಲ್ಲಿಗೆ ಆಪ್ಷನಲ್ ಅನ್ನೋದು ಆಯ್ಕೆಯ ಹೆಸರಾಗಿ ಉಳಿದಿಲ್ಲ, ಒಂದು ಪ್ಯಾಕೇಜಿನ ಹೆಸರಾಗಿದೆ. ಊಟದ ಮೆನುವಿನಲ್ಲಿ 'ನಿಮ್ಮಿಷ್ಟದ ಥಾಲಿ' ಅಂತ ಬರೆದು, ಏನೇನಿದೆ ಅಂತ ಅಡುಗೆಯವರೇ ತೀರ್ಮಾನ ಮಾಡಿದ ಹಾಗೆ.

ಥಾಲಿಯಲ್ಲಿ ಏನು ಯಾವುದರ ಜೊತೆ ಬರುತ್ತೆ ಅನ್ನೋದೇ ಮುಖ್ಯ. ಬೇಸ್ ವೇರಿಯಂಟ್‌ಗಳ ಪಟ್ಟಿ ತೆಗೆದು ನೋಡಿ. ಅನೇಕ ಕಾರುಗಳಲ್ಲಿ ಡ್ರೈವರ್ ಸೀಟಿನ ಎತ್ತರ ಹೊಂದಿಸೋ ಸೌಲಭ್ಯ ಕೆಳಗಿನ ವೇರಿಯಂಟ್‌ನಲ್ಲಿ ಇರೋದಿಲ್ಲ. ಐದಡಿ ಎತ್ತರದ ಒಬ್ಬ ಹೆಣ್ಣುಮಗಳಿಗೆ ಅದು ಐಷಾರಾಮ ಅಲ್ಲ. ಬಾನೆಟ್ಟಿನ ಆಚೆ ಏನಿದೆ ಅಂತ ಕಾಣಬೇಕಾದ್ರೆ ಬೇಕೇ ಬೇಕು. ಅದಿಲ್ಲದ ಕಾರಿನಲ್ಲಿ ದಿಂಬು ಹಾಕ್ಕೊಂಡು ಓಡಿಸೋರನ್ನ ನೀವೂ ನೋಡಿರ್ತೀರಿ. ಹಿಂದಿನ ಗಾಜಿನ ವೈಪರ್ ಮತ್ತು ಡಿಫಾಗರ್ ಕಥೆನೂ ಅಷ್ಟೆ. ಜುಲೈನಿಂದ ಅಕ್ಟೋಬರ್‌ವರೆಗೆ ಮಳೆ ಹಿಡಿಯೋ ಊರಿನಲ್ಲಿ ಹಿಂದೆ ಬರೋ ಬಿಎಂಟಿಸಿ ಬಸ್ಸು ಕಾಣೋದು ಅಲಂಕಾರನಾ? ಆದರೆ ಇವು ಬರೋದು ಮೇಲಿನ ವೇರಿಯಂಟ್‌ಗೆ. ಆ ಮೇಲಿನ ವೇರಿಯಂಟ್‌ನಲ್ಲಿ ಇವುಗಳ ಜೊತೆ ಅಲಾಯ್ ಚಕ್ರ, ದೊಡ್ಡ ಟಚ್‌ಸ್ಕ್ರೀನ್, ಬಣ್ಣ ಬದಲಾಯಿಸೋ ಲೈಟು, ಹಲವು ಸಲ ಸನ್‌ರೂಫು. ಸೀಟು ನಾಲ್ಕು ಇಂಚು ಮೇಲೆ ಬರ್ಬೇಕು ಅಂದ್ರೆ ಚಾವಣಿಗೆ ತೂತು ಹೊಡೆಸ್ಕೋಬೇಕು!

ಈಗ ಇದರ ಖರ್ಚು ಎಷ್ಟು? ಬೆಲೆಪಟ್ಟಿಯಲ್ಲಿ ಎರಡು ವೇರಿಯಂಟ್ ನಡುವೆ 80 ಸಾವಿರ ವ್ಯತ್ಯಾಸ ಕಂಡರೆ ನಾವು 'ಎಂಬತ್ತು ಸಾವಿರ ಅಷ್ಟೇ ಅಲ್ವಾ' ಅಂತೀವಿ. ಅಷ್ಟೇ ಅಲ್ಲ. ಕರ್ನಾಟಕದ ಜೀವಾವಧಿ ತೆರಿಗೆ 5ರಿಂದ 10 ಲಕ್ಷದ ಕಾರಿಗೆ ಶೇ. 14, ಹತ್ತು ಲಕ್ಷ ದಾಟಿದರೆ ಶೇ. 17. ಆ ತೆರಿಗೆಯ ಮೇಲೆ ಶೇ. 11 ಸೆಸ್. ಇನ್ಕಂ ಟ್ಯಾಕ್ಸ್‌ನ ಸ್ಲ್ಯಾಬ್ ಹಾಗೆ ಮೇಲಿನ ಭಾಗಕ್ಕೆ ಮಾತ್ರ ಹೆಚ್ಚು ದರ ಅಲ್ಲ ಇದು, ಪೂರ್ತಿ ಬೆಲೆಗೇ ಹೆಚ್ಚು ದರ. ಒಂದು ಲೆಕ್ಕ ಹಾಕೋಣ. 9.90 ಲಕ್ಷದ ವೇರಿಯಂಟ್‌ಗೆ ತೆರಿಗೆ, ಸೆಸ್ ಸೇರಿ ಸುಮಾರು 1,53,850 ರೂ. 10.70 ಲಕ್ಷದ ವೇರಿಯಂಟ್‌ಗೆ ಸುಮಾರು 2,01,900 ರೂ. ಅಂದ್ರೆ ತೆರಿಗೆಯಲ್ಲೇ 48 ಸಾವಿರ ಜಾಸ್ತಿ. ಎಂಬತ್ತು ಸಾವಿರದ ಪ್ಯಾಕೇಜು ಒಂದು ಲಕ್ಷ ಇಪ್ಪತ್ತೆಂಟು ಸಾವಿರ ಆಯ್ತು. ಹತ್ತು ಲಕ್ಷ ದಾಟಿದ ಕಾರಿಗೆ ಶೇ. 1 ಟಿಸಿಎಸ್ ಬೇರೆ ಕಟ್ಟಬೇಕು. ಅದು ಮಾತ್ರ ರಿಟರ್ನ್ಸ್ ಹಾಕುವಾಗ ನಿಮ್ಮ ತೆರಿಗೆಗೆ ಜಮಾ ಆಗುತ್ತೆ, ಮರೀಬೇಡಿ. ಬ್ರೋಷರ್‌ನಲ್ಲಿ ಸನ್‌ರೂಫ್ ಮೇಲೆ ನೀಲಿ ಆಕಾಶ ಇರುತ್ತೆ. ಈ ಲೆಕ್ಕ ಮಾತ್ರ ಎಲ್ಲೂ ಇರಲ್ಲ.

'ಒಂದೊಂದನ್ನೂ ಬಿಡಿಬಿಡಿಯಾಗಿ ಕೊಡೋಕೆ ಆಗಲ್ಲ ಸರ್, ಫ್ಯಾಕ್ಟರಿ ಹಾಗೆ ನಡೆಯಲ್ಲ' ಅಂತ ಕಂಪನಿಗಳು ಹೇಳ್ತವೆ. ಇದರಲ್ಲಿ ನ್ಯಾಯ ಇದೆ. ಹತ್ತು ವಸ್ತುಗಳನ್ನ ಬೇಕು-ಬೇಡ ಅಂತ ಬಿಟ್ಟರೆ ಒಂದೇ ಕಾರು 1,024 ಥರ ಆಗುತ್ತೆ. ಅಷ್ಟು ಥರದ್ದನ್ನ ಜೋಡಿಸೋಕೆ, ಸ್ಟಾಕ್ ಇಡೋಕೆ ಖರ್ಚಾಗುತ್ತೆ, ನೀವೂ ತಿಂಗಳುಗಟ್ಟಲೆ ಕಾಯ್ಬೇಕಾಗುತ್ತೆ. ಯುರೋಪಿನಲ್ಲಿ ಒಂದೊಂದು ಸಾಲೂ ಆರಿಸಿ ಕಾರು ಬುಕ್ ಮಾಡೋರು ಹಾಗೆ ಕಾಯೋದು ಉಂಟು. ಕಟ್ಟು ಕಟ್ಟೋದೇ ತಪ್ಪು ಅಂತ ನಾನೂ ಹೇಳಲ್ಲ. ಯಾವುದನ್ನ ಯಾವುದರ ಜೊತೆ ಕಟ್ಟಿದ್ರಿ ಅನ್ನೋದು ನನ್ನ ಪ್ರಶ್ನೆ. ಹಿಂದಿನ ವೈಪರ್, ಸೀಟಿನ ಎತ್ತರ, ಕ್ಯಾಮೆರಾ ಮೂರನ್ನೂ ಸೇರಿಸಿ 'ಕಾಣಿಸೋ ಪ್ಯಾಕ್' ಅಂತ ಮಾಡಬಹುದಲ್ಲ? ಸನ್‌ರೂಫ್, ಅಲಾಯ್, ಲೈಟು ಸೇರಿಸಿ 'ಕಾಣಿಸಿಕೊಳ್ಳೋ ಪ್ಯಾಕ್' ಮಾಡಲಿ. ಎರಡೇ ಕಟ್ಟು, ಫ್ಯಾಕ್ಟರಿಗೆ ಕಷ್ಟ ಇಲ್ಲ. ಆದರೆ ಹಾಗೆ ಮಾಡಿದ್ರೆ ಸನ್‌ರೂಫ್ ಬೇಡದವರು ಕೆಳಗೇ ಉಳೀತಾರೆ. ಅವಶ್ಯಕತೆಯನ್ನ ಆಸೆಯ ಜೊತೆ ಕಟ್ಟಿದಾಗಲೇ ಎರಡೂ ಮಾರಾಟ ಆಗೋದು.

ಇದು ಬರೀ ಅನುಮಾನ ಅಲ್ಲ ಅಂತ ಏರ್‌ಬ್ಯಾಗಿನ ಇತಿಹಾಸವೇ ಹೇಳುತ್ತೆ. ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ ಆಗಿದ್ದು 2019ರ ಜುಲೈನಲ್ಲಿ. ಪಕ್ಕದ ಸೀಟಿನದ್ದು ಹೊಸ ಮಾಡೆಲ್‌ಗಳಿಗೆ 2021ರ ಏಪ್ರಿಲ್‌ನಲ್ಲಿ. ಅಲ್ಲೀವರೆಗೆ ಅವೂ 'ಮೇಲಿನ ವೇರಿಯಂಟ್'ನ ಆಕರ್ಷಣೆಗಳೇ. ಆರು ಏರ್‌ಬ್ಯಾಗ್ ಕಡ್ಡಾಯ ಮಾಡೋ ಪ್ರಸ್ತಾಪ 2022ರ ಅಕ್ಟೋಬರ್‌ಗೆ ಇತ್ತು, 2023ರ ಅಕ್ಟೋಬರ್‌ಗೆ ಮುಂದೆ ಹೋಯ್ತು, ಕೊನೆಗೆ ಕಡ್ಡಾಯ ಮಾಡಲ್ಲ ಅಂತ ನಿತಿನ್ ಗಡ್ಕರಿಯವರೇ ಹೇಳಿದರು. ಅದೇ ಅಕ್ಟೋಬರ್‌ನಲ್ಲಿ ಭಾರತ್ ಎನ್‌ಕ್ಯಾಪ್ ಶುರುವಾಯ್ತು, ಡಿಕ್ಕಿ ಪರೀಕ್ಷೆಯ ನಕ್ಷತ್ರ ಜಾಹೀರಾತಿಗೆ ಬಂತು. ಆ ತಿಂಗಳೇ ಹ್ಯುಂಡೈ ತನ್ನ ಎಲ್ಲಾ ಕಾರುಗಳ ಎಲ್ಲಾ ವೇರಿಯಂಟ್‌ಗಳಲ್ಲೂ ಆರು ಏರ್‌ಬ್ಯಾಗ್ ಅಂತ ಘೋಷಿಸಿತು. ಆಮೇಲೆ ಬೇರೆಯವರೂ ಒಂದೊಂದೇ ಮಾಡೆಲ್ಲಿಗೆ ಕೊಟ್ಟರು. ನಿನ್ನೆವರೆಗೆ ಸಾಧ್ಯವಿಲ್ಲದ್ದು ಇವತ್ತು ಹೇಗೆ ಸಾಧ್ಯ ಆಯ್ತು? ಎಂಜಿನಿಯರಿಂಗ್ ಬದಲಾಗಲಿಲ್ಲ, ಕೇಳೋರ ಸಂಖ್ಯೆ ಬದಲಾಯ್ತು. ಇದು ಖುಷಿಯ ವಿಷಯವೇ. ಜೀವ ಉಳಿಸೋದನ್ನ ಅಷ್ಟು ವರ್ಷ ಅಂದಚಂದದ ಜೊತೆ ಕಟ್ಟಿ ಮಾರಿದ್ದು ಅನಿವಾರ್ಯ ಆಗಿರಲಿಲ್ಲ ಅನ್ನೋದಕ್ಕೆ ಸಾಕ್ಷಿಯೂ ಹೌದು.

ಇಲ್ಲೀವರೆಗೆ ಹೇಳಿದ್ದು ಕಂಪನಿ ಕಟ್ಟಿದ ಗಂಟು. ಷೋರೂಂನಲ್ಲಿ ಎರಡನೇ ಗಂಟು ಬೀಳುತ್ತೆ, ಕೊಟೇಶನ್ನಿನ ನಡುವಿನ ಸಾಲುಗಳು ಇವೇ: ಎಸೆನ್ಷಿಯಲ್ ಕಿಟ್, ಆಕ್ಸೆಸರೀಸ್ ಪ್ಯಾಕ್, ಕೋಟಿಂಗ್, ಎಕ್ಸ್‌ಟೆಂಡೆಡ್ ವಾರಂಟಿ, ರೋಡ್‌ಸೈಡ್ ಅಸಿಸ್ಟೆನ್ಸ್, ಹ್ಯಾಂಡ್ಲಿಂಗ್ ಚಾರ್ಜಸ್, ಇನ್ಶೂರೆನ್ಸ್. 'ಇದು ಬೇಡ' ಅಂದ್ರೆ ಬರೋ ಉತ್ತರ ನಿಮಗೆ ಬಾಯಿಪಾಠ ಆಗಿರ್ಬೇಕು. "ಸರ್, ಎಲ್ರೂ ತಗೋತಾರೆ." "ಮೇಡಂ, ಸಿಸ್ಟಂನಲ್ಲೇ ಬರುತ್ತೆ, ತೆಗೆಯೋಕಾಗಲ್ಲ." ಬೇಡಿಕೆ ಇರೋ ಮಾಡೆಲ್ ಆದ್ರೆ ಇನ್ನೊಂದು ಇದೆ: "ಪ್ಯಾಕ್ ತಗೊಂಡ್ರೆ ಡೆಲಿವರಿ ಬೇಗ ಆಗುತ್ತೆ ಸರ್."

ಈ ಸಾಲುಗಳಲ್ಲಿ ಯಾವುದು ಕಾನೂನು, ಯಾವುದು ಮಾತು ಅಂತ ಬೇರೆ ಮಾಡೋಣ. ಫಾಸ್ಟ್ಯಾಗ್ ಕಡ್ಡಾಯ, 2017ರ ಡಿಸೆಂಬರ್ 1ರಿಂದ ಹೊಸ ಕಾರಿಗೆ ಅಂಟಿಸಿಯೇ ಕೊಡಬೇಕು. ರಿಜಿಸ್ಟ್ರೇಷನ್ ಆಗದೆ ಕಾರು ಕೈಗೆ ಕೊಡೋ ಹಾಗಿಲ್ಲ, ಅದೂ ಸರಿ. ಇನ್ಶೂರೆನ್ಸ್ ಕಡ್ಡಾಯ, ಆದರೆ ಪೂರ್ತಿ ಅಲ್ಲ. ಸುಪ್ರೀಂ ಕೋರ್ಟಿನ ಆದೇಶದಿಂದ 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಬೇಕು. ಅದರ ದರ ಸರ್ಕಾರದ್ದು. 2022ರ ಜೂನ್‌ನಲ್ಲಿ ಜಾರಿಯಾದ ಪಟ್ಟಿಯಲ್ಲಿ 1,000ದಿಂದ 1,500 ಸಿಸಿ ಕಾರಿಗೆ ಮೂರು ವರ್ಷಕ್ಕೆ 10,640 ರೂ., ಜಿಎಸ್‌ಟಿ ಬೇರೆ. ಇದರಲ್ಲಿ ಚೌಕಾಸಿ ಇಲ್ಲ, ಎಲ್ಲಿ ಮಾಡಿಸಿದ್ರೂ ಅಷ್ಟೇ. ಚೌಕಾಸಿ ಇರೋದು ನಿಮ್ಮ ಕಾರಿನ ಹಾನಿಗೆ ಮಾಡಿಸೋ ಭಾಗದಲ್ಲಿ. ಅದನ್ನೂ ಮೂರು ವರ್ಷಕ್ಕೆ ಕಟ್ಟಿ ಮಾರೋದನ್ನ ವಿಮಾ ನಿಯಂತ್ರಕ ಐಆರ್‌ಡಿಎಐ 2020ರ ಆಗಸ್ಟ್‌ನಿಂದ ನಿಲ್ಲಿಸಿದೆ. ಕಾರು ಓಡಿಸೋ ಮಾಲೀಕರ 15 ಲಕ್ಷದ ಅಪಘಾತ ವಿಮೆ? ನಿಮ್ಮ ಹೆಸರಲ್ಲಿ ಆ ಮೊತ್ತದ ವೈಯಕ್ತಿಕ ಅಪಘಾತ ಪಾಲಿಸಿ ಈಗಾಗಲೇ ಇದ್ದರೆ ಮತ್ತೆ ತಗೋಬೇಕಾಗಿಲ್ಲ. 2019ರಿಂದಲೇ ಈ ಗಂಟು ಬಿಚ್ಚಿದೆ. 'ಹೊರಗಡೆ ಇನ್ಶೂರೆನ್ಸ್ ಮಾಡಿಸಿದ್ರೆ ಕ್ಯಾಶ್‌ಲೆಸ್ ಸಿಗಲ್ಲ' ಅನ್ನೋದು ಇನ್ನೊಂದು ಮಾತು. ಕ್ಯಾಶ್‌ಲೆಸ್ ಸಿಗೋದು ವಿಮಾ ಕಂಪನಿಗೂ ಆ ಗ್ಯಾರೇಜಿಗೂ ಒಪ್ಪಂದ ಇದ್ದಾಗ. ನೀವು ಪಾಲಿಸಿ ಯಾರ ಟೇಬಲ್ ಮೇಲೆ ಕೊಂಡ್ರಿ ಅನ್ನೋದರ ಮೇಲಲ್ಲ.

ಹಾಗಂತ ಎಲ್ಲಾ ಎಕ್ಸ್‌ಟ್ರಾಗಳೂ ಮೋಸ ಅಂತ ಅಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಯಮಲೂರು, ಬೆಳ್ಳಂದೂರು ಕಡೆ ಬೇಸ್‌ಮೆಂಟುಗಳಲ್ಲಿ ಕಾರುಗಳು ಮುಳುಗಿದ್ದು ನೆನಪಿದೆಯಲ್ಲ? ಎಂಜಿನ್ ಒಳಗೆ ನೀರು ಹೋಗಿ ಕೆಟ್ಟರೆ ಮಾಮೂಲಿ ಪಾಲಿಸಿ ಸಾಧಾರಣವಾಗಿ ದುಡ್ಡು ಕೊಡಲ್ಲ. ತಗ್ಗಿನ ಬೇಸ್‌ಮೆಂಟಿನಲ್ಲಿ ಕಾರು ನಿಲ್ಲಿಸೋರಿಗೆ ಎಂಜಿನ್ ಪ್ರೊಟೆಕ್ಷನ್ ಕೊಟ್ಟ ದುಡ್ಡಿಗೆ ಬೆಲೆ ಇರೋ ಎಕ್ಸ್‌ಟ್ರಾ. ಮೂರನೇ ಮಹಡಿಯ ಪಾರ್ಕಿಂಗ್‌ನಲ್ಲಿ ನಿಲ್ಲಿಸಿ, ವಾರಕ್ಕೊಮ್ಮೆ ಹೊರಗೆ ತೆಗೆಯೋರಿಗೆ ಅದೇ ಅವಶ್ಯಕತೆ ಇರಲಿಕ್ಕಿಲ್ಲ. ವಸ್ತು ಒಳ್ಳೇದಾ ಕೆಟ್ಟದ್ದಾ ಅನ್ನೋದಕ್ಕಿಂತ ಯಾರಿಗೆ ಅನ್ನೋದು ಮುಖ್ಯ. ಪ್ಯಾಕೇಜಿಗೆ ಆ 'ಯಾರಿಗೆ' ಗೊತ್ತಿಲ್ಲ. ಅದು ಎಲ್ಲರನ್ನೂ ಒಬ್ಬರೇ ಅಂತ ತಿಳ್ಕೊಂಡಿರುತ್ತೆ.

ಇನ್ನು ಕೆಲವು ಆಕ್ಸೆಸರೀಸ್ ಬರೀ ದುಡ್ಡು ದಂಡ ಅಲ್ಲ, ನೀವು ಆಗಲೇ ದುಡ್ಡು ಕೊಟ್ಟಿರೋ ಸುರಕ್ಷತೆಗೇ ಅಡ್ಡ ಬರ್ತವೆ. ಬಹಳ ಕಾರುಗಳಲ್ಲಿ ಮುಂದಿನ ಎರಡು ಸೀಟುಗಳ ಪಕ್ಕದಲ್ಲೇ ಸೈಡ್ ಏರ್‌ಬ್ಯಾಗ್ ಇರುತ್ತೆ. ಅದಕ್ಕೆ ಹೊಂದದ ದಪ್ಪ ಸೀಟ್ ಕವರ್ ಎಳೆದು ಬಿಗಿದರೆ ಅದು ಬಿಚ್ಚಿಕೊಳ್ಳೋದು ಹೇಗೆ? ಆರು ಏರ್‌ಬ್ಯಾಗಿಗೆ ದುಡ್ಡು ಕೊಟ್ಟು, ಮತ್ತೆ ದುಡ್ಡು ಕೊಟ್ಟು ಎರಡನ್ನ ಮುಚ್ಚಿಸ್ಕೊಂಡ ಹಾಗೆ. ಮುಂದೆ ಹಾಕೋ ಕಬ್ಬಿಣದ ಬುಲ್ ಬಾರ್ ಕಾನೂನುಬಾಹಿರ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ. ಗಾಜಿಗೆ ಕಪ್ಪು ಫಿಲ್ಮ್ ಅಂಟಿಸೋದನ್ನ 2012ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ನಿಷೇಧಿಸಿತು. ಆಮೇಲೆ ನಿಯಮ ಸ್ವಲ್ಪ ಸಡಿಲ ಆಗಿದ್ರೂ ಮುಂದೆ-ಹಿಂದೆ ಶೇ. 70, ಪಕ್ಕದಲ್ಲಿ ಶೇ. 50 ಬೆಳಕು ಹಾಯಲೇಬೇಕು ಅನ್ನೋ ಮಿತಿ ಹಾಗೇ ಇದೆ. ಫಿಲ್ಮ್ ಮಾರಿದವರು ಟ್ರಾಫಿಕ್ ಪೊಲೀಸ್ ಮುಂದೆ ನಿಮ್ಮ ಜೊತೆ ನಿಂತ್ಕೊಳ್ಳಲ್ಲ.

ಷೋರೂಂನ ಹುಡುಗ ಹುಡುಗಿಯರನ್ನ ಬಯ್ಯೋದು ಸುಲಭ. ಆದರೆ ಅವರ ಹಿಂದೆ ಏನಿದೆ ಅಂತಾನೂ ನೋಡ್ಬೇಕು. 2021ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಮಾರುತಿ ಸುಜುಕಿಗೆ 200 ಕೋಟಿ ರೂ. ದಂಡ ಹಾಕಿತು. ಡೀಲರುಗಳು ಕಂಪನಿ ಹೇಳಿದ್ದಕ್ಕಿಂತ ಜಾಸ್ತಿ ಡಿಸ್ಕೌಂಟ್ ಕೊಡದ ಹಾಗೆ ತಡೆದಿದ್ದಾರೆ, ಗ್ರಾಹಕರ ವೇಷದಲ್ಲಿ ಜನ ಕಳಿಸಿ ಪತ್ತೆ ಮಾಡಿಸ್ತಿದ್ದಾರೆ ಅನ್ನೋದು ಆಯೋಗದ ತೀರ್ಮಾನ. ಕಂಪನಿ ಮೇಲ್ಮನವಿ ಹಾಕಿತು, ಆದೇಶಕ್ಕೆ ತಡೆಯೂ ಸಿಕ್ಕಿತು. ದಂಡ ಸರಿಯೋ ತಪ್ಪೋ, ಆ ಆದೇಶ ಒಂದು ಚಿತ್ರ ಕೊಡುತ್ತೆ: ಕಾರಿನ ಬೆಲೆ ಎಲ್ಲಾ ಷೋರೂಂನಲ್ಲೂ ಒಂದೇ ಆಗಿದ್ರೆ, ಡೀಲರ್ ದುಡಿಯೋ ಜಾಗ ಮ್ಯಾಟು, ಕೋಟಿಂಗು, ಇನ್ಶೂರೆನ್ಸು. ಅದಕ್ಕೇ ಎಕ್ಸ್-ಶೋರೂಂ ಸಾಲಿನಲ್ಲಿ ಯಾರೂ ಜಗಳ ಆಡಲ್ಲ. ಜಗಳ ಎಲ್ಲಾ ಅದರ ಕೆಳಗೆ.

ಅಲ್ಲಿ ಜಗಳ ಆಡೋಕೆ ನಮ್ಮ ಕೈಯಲ್ಲಿ ಒಂದು ಕಾನೂನು ಇದೆ, ಬಹಳ ಜನಕ್ಕೆ ಗೊತ್ತಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಲಂ 2(41), ಒಂದು ವಸ್ತು ಬೇಕಾದ್ರೆ ಇನ್ನೊಂದು ವಸ್ತು ಅಥವಾ ಸೇವೆ ಕೊಳ್ಳಲೇಬೇಕು ಅಂತ ಷರತ್ತು ಹಾಕೋದನ್ನ ನಿರ್ಬಂಧಕ ವ್ಯಾಪಾರ ಪದ್ಧತಿ ಅಂತ ಕರೆಯುತ್ತೆ. 'ಪ್ಯಾಕ್ ತಗೊಂಡ್ರೆ ಮಾತ್ರ ಡೆಲಿವರಿ' ಅನ್ನೋದು ಅದಕ್ಕಿಂತ ಬೇರೆ ಏನು? ಆದರೆ ಈ ಷರತ್ತನ್ನ ಯಾರೂ ಬರೆದು ಕೊಡಲ್ಲ. ಬಾಯಲ್ಲಿ ಹೇಳ್ತಾರೆ. ಆದ್ದರಿಂದ ಮೊದಲು ಕೇಳ್ಬೇಕಾದ್ದು ಡಿಸ್ಕೌಂಟ್ ಅಲ್ಲ, ಬರಹ. 'ಈ ಕಿಟ್ ಕಡ್ಡಾಯ ಅಂತ ಒಂದು ಇ-ಮೇಲ್ ಹಾಕಿ' ಅಂತ ಕೇಳಿ ನೋಡಿ. ಬಹಳ ಸಲ ಆ ಇ-ಮೇಲ್ ಬರೋ ಮುಂಚೆ ಆ ಸಾಲೇ ಮಾಯ ಆಗಿರುತ್ತೆ.

ಅಮೆರಿಕದಲ್ಲಿ 1958ರಲ್ಲೇ ಒಂದು ಕಾನೂನು ಬಂತು. ಪ್ರತಿ ಹೊಸ ಕಾರಿನ ಗಾಜಿನ ಮೇಲೆ ಕಂಪನಿ ಒಂದು ಚೀಟಿ ಅಂಟಿಸಬೇಕು. ಮೂಲ ಬೆಲೆ ಎಷ್ಟು, ಕಂಪನಿ ಹಾಕಿದ ಪ್ರತಿಯೊಂದು ಎಕ್ಸ್‌ಟ್ರಾದ ಬೆಲೆ ಎಷ್ಟು, ಸಾಗಾಣಿಕೆ ಎಷ್ಟು ಅಂತ ಬೇರೆಬೇರೆ ಬರೆದಿರಬೇಕು. ಹಾಗಂತ ಅಲ್ಲಿ ಎಲ್ಲಾ ಸರಿಯಾಯ್ತು ಅಂತಲ್ಲ. ಡೀಲರುಗಳು ಪಕ್ಕದಲ್ಲೇ ತಮ್ಮದೊಂದು ಚೀಟಿ ಅಂಟಿಸೋದನ್ನ ಕಲಿತರು. ಬೇಡದ ಎಕ್ಸ್‌ಟ್ರಾ ತಡೆಯೋಕೆ 2023ರ ಕೊನೆಯಲ್ಲಿ ಅಲ್ಲಿನ ವ್ಯಾಪಾರ ಆಯೋಗ ತಂದ ನಿಯಮವನ್ನ 2025ರ ಜನವರಿಯಲ್ಲಿ ಕೋರ್ಟು ರದ್ದು ಮಾಡಿತು. ಇನ್ನೊಂದು ಕಡೆ, ಬಿಎಂಡಬ್ಲ್ಯು ಕಾರಿನಲ್ಲಿ ಆಗಲೇ ಇರೋ ಸೀಟ್ ಹೀಟರ್‌ಗೆ ತಿಂಗಳ ಚಂದಾ ಕೇಳ್ತಿದೆ ಅಂತ 2022ರಲ್ಲಿ ಜನ ಸಿಟ್ಟಾದರು, ಮುಂದಿನ ವರ್ಷ ಕಂಪನಿ ಅದನ್ನ ಕೈಬಿಟ್ಟಿತು. ಎಲ್ಲಾ ಕಡೆ ಹಗ್ಗಜಗ್ಗಾಟ ಇದ್ದೇ ಇದೆ. ವ್ಯತ್ಯಾಸ ಏನಂದ್ರೆ, ಬೆಲೆ ಸಾಲುಸಾಲಾಗಿ ಕಾಣೋ ಕಡೆ ಹಗ್ಗ ಎಳೆಯೋಕಾದ್ರೂ ಆಗುತ್ತೆ. ನಮ್ಮಲ್ಲಿ ಹತ್ತು ಲಕ್ಷದ ಕಾರಿನಲ್ಲಿ ಸನ್‌ರೂಫಿಗೆ ಎಷ್ಟು, ವೈಪರಿಗೆ ಎಷ್ಟು ಅಂತ ಕೇಳಿದ್ರೆ ಹೇಳೋರೇ ಇಲ್ಲ.

ಇಷ್ಟು ಹೇಳಿದ ಮೇಲೆ ಕೊಳ್ಳೋರಿಗೆ ನಾಲ್ಕು ಮಾತು. ಒಂದು, ಕೊಟೇಶನ್ನಿನ ಪ್ರತಿ ಸಾಲಿನ ಮುಂದೆ 'ಕಾನೂನು', 'ಬೇಕು', 'ಬೇಡ' ಅಂತ ಪೆನ್ನಲ್ಲಿ ಬರೀರಿ. ಮೂರನೆಯದ್ದನ್ನ ತೆಗೆಸಿ ಹೊಸ ಪ್ರತಿ ಕೇಳಿ. ಎರಡು, ಇನ್ಶೂರೆನ್ಸ್‌ಗೆ ಹೊರಗಿಂದ ಒಂದು ದರ ತಂದು ತೋರಿಸಿ. ಮೂರು, ಮ್ಯಾಟು, ಕವರು ಇಂಥವನ್ನ ಜೆ.ಸಿ. ರಸ್ತೆಯಲ್ಲಿ ಒಮ್ಮೆ ವಿಚಾರಿಸಿ. ವೈರ್ ಕತ್ತರಿಸಿ ಜೋಡಿಸೋ ಕೆಲಸ ಮಾತ್ರ ಹೊರಗೆ ಮಾಡಿಸಬೇಡಿ, ವಾರಂಟಿಗೆ ತೊಂದರೆ ಆಗಬಹುದು. ನಾಲ್ಕು, ಆಕ್ಸೆಸರೀಸನ್ನ ಆನ್‌ರೋಡ್ ಬೆಲೆಯಲ್ಲಿ ಸೇರಿಸಿ ಸಾಲ ಮಾಡಬೇಡಿ. 60 ಸಾವಿರದ ಪ್ಯಾಕು ಶೇ. 9 ಬಡ್ಡಿಯಲ್ಲಿ ಏಳು ವರ್ಷಕ್ಕೆ 81 ಸಾವಿರ ಆಗುತ್ತೆ. ಅಷ್ಟು ಹೊತ್ತಿಗೆ ಆ ಮ್ಯಾಟು ಎಲ್ಲಿರುತ್ತೋ.

ಆದರೆ ಈ ನಾಲ್ಕು ಮಾತು ಎರಡನೇ ಗಂಟಿಗೆ ಮಾತ್ರ. ಮೊದಲನೇ ಗಂಟನ್ನ ಷೋರೂಂನಲ್ಲಿ ಎಷ್ಟು ಜಾಣತನ ತೋರಿಸಿದ್ರೂ ಬಿಚ್ಚೋಕಾಗಲ್ಲ. ಬೇಸ್ ವೇರಿಯಂಟ್ ಕೊಳ್ಳೋರು ಸಾಮಾನ್ಯವಾಗಿ ಮೊದಲ ಸಲ ಕಾರು ಕೊಳ್ಳೋರು, ಟ್ಯಾಕ್ಸಿ ಓಡಿಸೋರು, ಮನೆಗೆ ಒಂದೇ ಕಾರು ಅಂತ ಎಲ್ಲರನ್ನೂ ಕೂರಿಸ್ಕೊಂಡು ಊರಿಗೆ ಹೋಗೋರು. ಅವರಿಗೂ ಹಿಂದಿನ ಗಾಜಿನಲ್ಲಿ ಮಳೆ ನಿಲ್ಲುತ್ತೆ. ಅವರಲ್ಲೂ ಐದಡಿ ಎತ್ತರದವರು ಇದ್ದಾರೆ. ರಸ್ತೆ ಕಾಣೋದನ್ನ ಕಾಸಿದ್ದೋರ ರುಚಿಯ ಜೊತೆ ಕಟ್ಟಿ ಮಾರಿದ್ರೆ, ಕಾಣದವರ ಕಾರು ಬರೋದೂ ನಮ್ಮ ನಿಮ್ಮ ಮಧ್ಯದಲ್ಲೇ, ಇದೇ ಹಳೇ ಮದ್ರಾಸ್ ರಸ್ತೆಯಲ್ಲೇ. ಏರ್‌ಬ್ಯಾಗ್ ಕೆಳಗಿನ ವೇರಿಯಂಟ್‌ಗೆ ಇಳಿದು ಬಂದಿದ್ದು ಜನ ಕೇಳೋಕೆ ಶುರು ಮಾಡಿದ ಮೇಲೆ. ಸೀಟಿನ ಎತ್ತರ, ಹಿಂದಿನ ವೈಪರು, ಕ್ಯಾಮೆರಾ ಕೂಡ ಹಾಗೇ ಇಳಿದು ಬರಬೇಕು. ಮುಂದಿನ ಸಲ ಟೆಸ್ಟ್ ಡ್ರೈವ್‌ಗೆ ಹೋದಾಗ ಸನ್‌ರೂಫ್ ತೆಗೆದು ತೋರಿಸ್ತಾರೆ. ನೋಡಿ, ಚೆನ್ನಾಗೇ ಇರುತ್ತೆ. ಆಮೇಲೆ ಬೇಸ್ ವೇರಿಯಂಟ್‌ನಲ್ಲಿ ಸೀಟು ಯಾಕೆ ಮೇಲೆ ಬರಲ್ಲ ಅಂತ ಕೇಳಿ. ಫೀಡ್‌ಬ್ಯಾಕ್ ಫಾರಂನಲ್ಲಿ ಅದನ್ನೇ ಬರೀರಿ.